ಅರ್ಧ ಮನೆಯ ಓನರಮ್ಮ

ಸುಳ್ಳು ಹೇಳುವುದಕ್ಕೆ ಬಾಯಿ ಬೇಕು ಎಂದು ಯಾರು ಹೇಳಿದರೋ ಗೊತ್ತಿಲ್ಲ. ನನ್ನ ಅನುಭವದಲ್ಲಿ ಬಾಯಿ ಮುಚ್ಚಿಕೊಂಡಿದ್ದರೂ ಸಾಕು. ಎದುರಿಗಿದ್ದವರು ತಾವೇ ಒಂದು ಸುಳ್ಳನ್ನು ಕಟ್ಟಿ, ಅದಕ್ಕೆ ಸುಣ್ಣಬಣ್ಣ ಬಳಿದು, ನಮ್ಮನ್ನು ಅದರೊಳಗೆ ಗೃಹಪ್ರವೇಶ ಮಾಡಿಸಿಬಿಡುತ್ತಾರೆ. ಆಮೇಲೆ ಹೊರಗೆ ಬರುವ ಬಾಗಿಲು ಮಾತ್ರ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ನೈರೋಬಿಯ ರಿವರ್‌ಸೈಡಿನ ಒಂದು ಅಪಾರ್ಟ್‌ಮೆಂಟಿನಲ್ಲಿ ನಾವು ಮೇಲೆ, ಡಾಕ್ಟರ್ ಲೋಬೋ ದಂಪತಿ ಕೆಳಗೆ, ಬಹಳ ಕಾಲ ಬಾಡಿಗೆಗಿದ್ದೆವು. ಲೋಬೋ ಮಂಗಳೂರಿನವರು, ತಮ್ಮತಮ್ಮಲ್ಲಿ ಕೊಂಕಣಿ, ನಮ್ಮೊಡನೆ ಕನ್ನಡ. ಅವರ ಹೆಂಡತಿ ಹಿಲ್ಡಾಗೆ ಮಲ್ಲಿಗೆ ಹಂಬು ನೆಡಲು ಒಂದು ಹಿಡಿ ನೆಲ ಬೇಕಿತ್ತು. ನನಗೆ ಬಟ್ಟೆ ಒಣಹಾಕಲು ಒಂದು ತುಂಡು ಆಕಾಶ ಬೇಕಿತ್ತು. ಎರಡೂ ಒಟ್ಟಿಗಿದ್ದ ಹಳೆಯ ಕಲ್ಲಿನ ಬಂಗಲೆಯೊಂದು ಸ್ಪ್ರಿಂಗ್ ವ್ಯಾಲಿಯಲ್ಲಿ ಮಾರಾಟಕ್ಕೆ ಬಂತು. ಒಬ್ಬರೇ ಕೊಳ್ಳುವ ಶಕ್ತಿ ಎರಡು ಮನೆಯವರಿಗೂ ಇರಲಿಲ್ಲ. "ಸೇರಿ ತಗೊಂಡ್ರೆ ಹೇಗೆ ಮಾರಾಯ್ತಿ?" ಎಂದು ಹಿಲ್ಡಾ ಕೇಳಿದಳು. ನನ್ನ ಗಂಡ ಮುರಳಿ ಬ್ಯಾಂಕಿನವರು, ಊರಿನವರಿಗೆಲ್ಲ ಮನೆ ಕೊಳ್ಳುವ ಬುದ್ಧಿ ಹೇಳಿ ಸ್ವಂತಕ್ಕೆ ಬಾಡಿಗೆ ಮನೆ ಇಟ್ಟುಕೊಂಡಿದ್ದವರು. ಅವರೂ ಒಪ್ಪಿದರು.

ಯಾವ ಅರ್ಧ ನಮ್ಮದು, ಯಾವ ಅರ್ಧ ಅವರದು ಎಂದು ನಾನು ವಕೀಲರನ್ನು ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, ಹಾಗೆ ಗೆರೆ ಎಳೆಯಲಾಗುವುದಿಲ್ಲ, ಈ ಮನೆಯ ಒಂದೊಂದು ಕಲ್ಲಿನಲ್ಲೂ ನಿಮಗೆ ಅರ್ಧ, ಅವರಿಗೆ ಅರ್ಧ ಎಂದರು. ಗೋಡೆಗೆ ಮೊಳೆ ಹೊಡೆದರೆ ನೋವು ಇಬ್ಬರಿಗೂ ಎಂದಾಯಿತು. ನಾವು ಬಾಯಿಮಾತಿನಲ್ಲೇ ಪಾಲು ಮಾಡಿಕೊಂಡೆವು: ಎಡಗಡೆಯ ಕೋಣೆಗಳು ನಮಗೆ, ಬಲಗಡೆಯವು ಅವರಿಗೆ. ಮೀನು ಸಾರಿಗೂ ಹುಳಿಗೂ ಜಗಳ ಬೇಡವೆಂದು ಉಗ್ರಾಣವನ್ನು ಎರಡನೇ ಅಡುಗೆಮನೆ ಮಾಡಿದೆವು. ನಡುವಿನ ಹಾಲ್ ಮಾತ್ರ ಇಬ್ಬರದೂ. ಅದರಲ್ಲಿ ನಮ್ಮ ಸೋಫಾ, ಅವರ ಪಿಯಾನೋ. ಮಾಡಿನ ಮೇಲಿದ್ದದ್ದು ಮಂಗಳೂರು ಹೆಂಚು. ಅದರ ಮೇಲೆ ಬರೆದಿದ್ದ ತನ್ನೂರಿನ ಹೆಸರನ್ನು ಹಿಲ್ಡಾ ಬಂದವರಿಗೆಲ್ಲ ತೋರಿಸಿ, ಮಾಡಿನಲ್ಲಿ ತನಗೆ ಅರ್ಧಕ್ಕಿಂತ ಜಾಸ್ತಿ ಪಾಲಿದೆ ಎನ್ನುತ್ತಿದ್ದಳು. ಸುಖವಾಗಿದ್ದೆವು.

ಆಗ ಮೈಸೂರಿನಿಂದ ಅತ್ತಿಗೆ ಬಂದರು. ಸುಮಿತ್ರಮ್ಮ, ನನ್ನ ಗಂಡನ ಅಕ್ಕ, ಹೆಡ್‌ಮಿಸ್ ಆಗಿ ರಿಟೈರಾದವರು. ರಿಟೈರಾದದ್ದು ಸ್ಕೂಲಿಗೆ ಮಾತ್ರ ತಿಳಿದಿತ್ತು, ಅವರಿಗಿನ್ನೂ ತಿಳಿದಿರಲಿಲ್ಲ. ಮುರಳಿ ಫೋನಿನಲ್ಲಿ ಅಕ್ಕನಿಗೆ "ಮನೆ ತಗೊಂಡ್ವಿ" ಎಂದಷ್ಟೇ ಹೇಳಿದ್ದರು. ಅರ್ಧ ಎಂಬ ಮಾತು ಲೈನ್ ಸರಿಯಿಲ್ಲದೆ ಕೇಳಿಸದೆ ಹೋಯಿತು ಎಂದು ಈಗಲೂ ವಾದಿಸುತ್ತಾರೆ. ಅತ್ತಿಗೆ ಅಂಗಳಕ್ಕೆ ಕಾಲಿಟ್ಟು, ಹೂವಿನ ಗಿಡಗಳನ್ನು ನೋಡಿ, "ಭೇಷ್ ಶೈಲಾ, ಅರಮನೇನೇ ಕಟ್ಕೊಂಡಿದ್ದೀಯಲ್ಲೇ!" ಎಂದರು. ನನಗೆ ಯಾರೂ ಭೇಷ್ ಎನ್ನದೆ ಬಹಳ ದಿನವಾಗಿತ್ತು. ಮಲ್ಲಿಗೆ ಬಿಡಿಸುತ್ತಿದ್ದ ಹಿಲ್ಡಾಳನ್ನು ಕಂಡು, "ಆ ಕಡೆ ಬಾಡಿಗೆಗೆ ಕೊಟ್ಟಿದ್ದೀರಾ? ಒಳ್ಳೇದು ಮಾಡಿದಿರಿ" ಎಂದರು. ನಾನು ಅವರ ಸೂಟ್‌ಕೇಸ್ ಎತ್ತುತ್ತಿದ್ದೆ. ಭಾರಕ್ಕೆ "ಹೂಂ" ಎಂದೆ. ಮುರಳಿ ಅದೇ ಗಳಿಗೆಯಲ್ಲಿ ಆಫೀಸಿನ ತುರ್ತು ಕೆಲಸ ಜ್ಞಾಪಿಸಿಕೊಂಡು ಕಾರು ಹತ್ತಿದರು.

ಆ ಹೂಂಕಾರ ಹಿಲ್ಡಾಳ ಕಿವಿಗೂ ಬಿದ್ದಿತ್ತು ಎಂದು ನನಗೆ ಗೊತ್ತಾದದ್ದು ಮರುದಿನ ಬೆಳಿಗ್ಗೆ. ತಿಂಡಿ ತಿನ್ನುತ್ತಿದ್ದಾಗ ಎಂದೂ ಬಾಗಿಲು ತಟ್ಟದವಳು ಬಾಗಿಲು ತಟ್ಟಿ, ಹೊಸ್ತಿಲ ಆಚೆಯೇ ನಿಂತು, "ಓನರಮ್ಮಾ, ನಮ್ಮ ನಲ್ಲಿ ಸೋರ್ತಾ ಉಂಟು" ಎಂದಳು. ಮಗಳು ಅನು ಪಿಳಿಪಿಳಿ ಕಣ್ಣು ಬಿಟ್ಟು, "ಬಟ್ ಅಮ್ಮಾ, ಇಟ್ಸ್ ಹರ್ ಹೌಸ್ ಟೂ..." ಎನ್ನುವಷ್ಟರಲ್ಲಿ ಅವಳ ಬಾಯಿಗೊಂದು ತುಂಡು ದೋಸೆ ತುರುಕಿದೆ. ಅತ್ತಿಗೆ ನನ್ನ ಕಡೆ ತಿರುಗಿ, "ಓನರ್ ಅಂದ್ಮೇಲೆ ಜವಾಬ್ದಾರಿ ಇರತ್ತಮ್ಮ. ಏಳು, ರಿಪೇರಿಯವನನ್ನು ಕರೆಸು" ಎಂದರು. ಇಲ್ಲಿ ಕೊಳಾಯಿಯವನಿಂದ ಬಡಗಿಯವರೆಗೆ ಎಲ್ಲರಿಗೂ ಫುಂಡಿ ಎಂದೇ ಹೆಸರು. ಫೋನ್ ಮಾಡಿದರೆ ನಮ್ಮ ಫುಂಡಿ "ಕೆಶೋ ಮಾಮಾ" ಎಂದ. ಮಾಮಾ ಎಂದರೆ ಇಲ್ಲಿ ಅಮ್ಮ, ಕೆಶೋ ಎಂದರೆ ನಾಳೆ. ಯಾವ ನಾಳೆ ಎಂಬುದು ದೇವರಿಗೆ ಬಿಟ್ಟದ್ದು. ಕೊನೆಗೆ ಅತ್ತಿಗೆಯ ಮೇಲ್ವಿಚಾರಣೆಯಲ್ಲಿ ನಾನೇ ಸ್ಪ್ಯಾನರ್ ಹಿಡಿದು ಹಿಲ್ಡಾಳ ಸಿಂಕಿನ ಕೆಳಗೆ ತೂರಿದೆ. ನಲ್ಲಿ ನಿಂತಿತು, ನನ್ನ ಸೊಂಟ ಹಿಡಿಯಿತು.

ಅಲ್ಲಿಂದ ದಿನಕ್ಕೊಂದು ದೂರು. ಗೀಸರ್‌ನಲ್ಲಿ ಬಿಸಿನೀರು ಬರುವುದಿಲ್ಲ, ಕಿಟಕಿ ಕಿರುಗುಟ್ಟುತ್ತದೆ. ಒಂದು ದಿನವಂತೂ, "ಓನರಮ್ಮಾ, ನಿಮ್ಮ ಮರದಿಂದ ಇಳಿದು ಮಂಗ ನಮ್ಮ ಬಾಳೆಹಣ್ಣು ತಿಂದುಹೋಯ್ತು. ಬಾಡಿಗೆಯಲ್ಲಿ ಮುರ್ಕೊಳ್ಳಬಹುದಾ?" ಎಂದು ಕೇಳಿದಳು. ಸದಾ ಗಂಭೀರವಾಗಿರುವ ಡಾಕ್ಟರ್ ಲೋಬೋ ಕೂಡ ನನ್ನನ್ನು ಕಂಡರೆ ಪೇಪರ್ ಮಡಿಚಿ ಎದ್ದು ನಿಲ್ಲತೊಡಗಿದರು. ಹಿಲ್ಡಾ ಒಬ್ಬಳೇ ಸಿಕ್ಕಾಗ, "ನನ್ನ ತಪ್ಪಲ್ಲ ಕಣೇ, ಅವರೇ ಅಂದ್ಕೊಂಡುಬಿಟ್ರು" ಎಂದೆ. "ನೀನು ಅಲ್ಲ ಅಂದಿದ್ರೆ ಮುಗೀತಿತ್ತಲ್ಲ ಶೈಲಾ" ಎಂದಳು. ನಕ್ಕೇ ಹೇಳಿದಳು. ಆದರೆ ಆ ಮಾತು ಸೊಂಟಕ್ಕಿಂತ ಹೆಚ್ಚು ನೋಯಿಸಿತು. ಈಗಲೇ ಹೇಳಿಬಿಡೋಣವೆಂದು ಅತ್ತಿಗೆಯ ಹತ್ತಿರ ಹೋದರೆ, ಅವರು ಊರಿಗೆ ವೀಡಿಯೋ ಕಾಲ್ ಮಾಡಿ "ನಮ್ಮ ಮುರಳಿ ಬಂಗ್ಲೆ ನೋಡಿ" ಎಂದು ಮಾಡು, ಮರ, ಮಂಗ ಎಲ್ಲವನ್ನೂ ತೋರಿಸುತ್ತಿದ್ದರು. ಬಂದ ಮಾತು ನುಂಗಿಕೊಂಡು, ಕಾಫಿ ಬೇಕಾ ಎಂದು ಕೇಳಿ ಬಂದೆ.

ಅವರು ಹೊರಡುವುದು ಹತ್ತಿರವಾದಾಗ ಒಂದು ಮಧ್ಯಾಹ್ನ ಎಲ್ಲರೂ ಹಾಲ್‌ನಲ್ಲಿ ಸೇರಿದ್ದೆವು. ಅತ್ತಿಗೆ ಸುತ್ತ ಕಣ್ಣಾಡಿಸಿ, "ಶೈಲಾ, ಬಾಡಿಗೆಯವರಿಗೆ ಇಷ್ಟು ಸಲುಗೆ ಒಳ್ಳೇದಲ್ಲ. ಅವರಿಗೆ ಖಾಲಿ ಮಾಡೋಕೆ ಹೇಳಿಬಿಡು. ಏನಮ್ಮ ಹಿಲ್ಡಾ, ಈ ಪಿಯಾನೋ ಯಾವಾಗ ಎತ್ತಿಸ್ತೀರಿ?" ಎಂದರು.

ಹಿಲ್ಡಾ ನನ್ನನ್ನು ನೋಡಿದಳು. ಮುಖದಲ್ಲಿ ನಗುವಿನ ಸುಳಿವಿರಲಿಲ್ಲ. "ಶೈಲಾ ಹೇಳಿದ ದಿನ" ಎಂದಳು.

ಮುರಳಿ ಪೇಪರಿನ ಹಿಂದೆ ಅಡಗಿದರು. ನನಗೆ ಎಲ್ಲಿತ್ತೋ ಅಳು, ಉಕ್ಕಿ ಬಂತು. "ಪಿಯಾನೋ ಎಲ್ಲಿಗೂ ಹೋಗಲ್ಲ ಅತ್ತಿಗೆ! ಅವರು ಬಾಡಿಗೆಯವರಲ್ಲ. ಈ ಮನೆ ಅರ್ಧ ಅವರದ್ದು. ಅವರಿಲ್ಲದಿದ್ದರೆ ನಮಗೆ ಇದರ ಗೇಟೂ ಸಿಗ್ತಿರಲಿಲ್ಲ. ನೀವು ಭೇಷ್ ಅಂದ್ರಲ್ಲ, ಅದಕ್ಕೇ ಬಾಯಿ ಬರಲಿಲ್ಲ" ಎಂದು ಒಂದೇ ಉಸಿರಿಗೆ ಅಂದುಬಿಟ್ಟೆ.

ಅತ್ತಿಗೆ ನಿಧಾನವಾಗಿ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿದರು. "ಅಂತೂ ಬಾಯಿ ಬಿಟ್ಟೆ. ಹಿಲ್ಡಾ, ನಾನು ಹೇಳಿರಲಿಲ್ವಾ, ಊರಿಗೆ ಹೋಗೋದ್ರೊಳಗೆ ಒಪ್ಪಿಸ್ತೀನಿ ಅಂತ?" ಎಂದರು. ಬಂದ ದಿನ ಸಂಜೆಯೇ ಅವರು ಬಾಡಿಗೆಯವರಿಗೆ ನಾಲ್ಕು ಬುದ್ಧಿಮಾತು ಹೇಳಲು ಹಿಲ್ಡಾಳ ಅಡುಗೆಮನೆಗೆ ಹೋಗಿದ್ದರಂತೆ. ಅವಳು ಚಹಾ ಕೊಟ್ಟು ನಿಜ ಹೇಳಿದಳಂತೆ. ನಲ್ಲಿಯಿಂದ ಮಂಗದವರೆಗೆ ಎಲ್ಲ ದೂರುಗಳನ್ನೂ ಇಬ್ಬರೂ ಕೂತು ಯೋಚಿಸಿದ್ದು. ಪಿಯಾನೋದ್ದು ಮಾತ್ರ ಅತ್ತಿಗೆಯದೇ ಸ್ವಂತ ಐಡಿಯಾ. ಹಿಲ್ಡಾ ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಅದು ಬರೀ ನಗುವಿನ ನೀರೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತೆ. ಅವಳು ಒಂಚೂರು ಸರಿದು ಜಾಗ ಕೊಟ್ಟಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮಾನ ಅರ್ಧವಾದರೂ ಉಳಿಯುತ್ತಿತ್ತು. ಆದರೆ ಅತ್ತಿಗೆ ಸೋಫಾದಲ್ಲಿ ಕಾಲು ನೀಡಿ, "ನಿಜ ಹೇಳ್ತೀನಿ, ನಂಗೆ ಈ ಸೇರಿ ಕೊಳ್ಳೋ ಏರ್ಪಾಡು ತುಂಬಾ ಹಿಡಿಸಿತು ಕಣ್ರೇ. ಮೈಸೂರಲ್ಲಿ ಒಬ್ಬಳೇ ಏನು ಮಾಡಲಿ? ನನ್ನನ್ನೂ ಸೇರಿಸ್ಕೊಳ್ಳಿ. ಮೂರು ಪಾಲು ಮಾಡೋಣ. ಏನಂತೀಯ ಶೈಲಾ?" ಎಂದರು.

ಪೇಪರ್ ಮುರಳಿಯ ಕೈಯಿಂದ ಜಾರಿತು. ಹಿಲ್ಡಾ ನನ್ನ ಮೊಣಕೈ ಹಿಡಿದಳು. ಅರ್ಧ ಮನೆ ಎಂದು ಹೇಳಲು ಅಷ್ಟು ದಿನ ನಾಲಿಗೆ ಹೊರಳದಿದ್ದ ನಾನು, ಕಣ್ಣು ಮಿಟುಕಿಸದೆ ಹೇಳಿದೆ: "ನನ್ನನ್ನೇನು ಕೇಳ್ತೀರಿ ಅತ್ತಿಗೆ? ಇಡೀ ಮನೆ ಹಿಲ್ಡಾಂದೇ. ನಾವಿಲ್ಲಿ ಬಾಡಿಗೆಗಿದ್ದೀವಿ."