ನುಗ್ಗೆಮರದ ಒಪ್ಪಂದ

ಹೊರದೇಶದಲ್ಲಿ ಯಾವುದೋ ಒಪ್ಪಂದಕ್ಕೆ ಸಹಿ ಹಾಕಿ ಬಂದು, ‘ಏನು ಮಾಡುವುದು, ಜಗತ್ತಿಗೆ ಮಾತು ಕೊಟ್ಟಾಗಿದೆ’ ಎಂದು ಊರಿನವರ ಬಾಯಿ ಮುಚ್ಚಿಸುವ ಸರ್ಕಾರಗಳನ್ನು ನಾನು ಟೀವಿ ಮುಂದೆ ಕುಳಿತು ಧಾರಾಳವಾಗಿ ಬೈದವನು. ಅಂಥ ನಾನೇ ನಾಗರಬಾವಿಯ ನಮ್ಮ ಮನೆಯಲ್ಲಿ ಅದೇ ಕೆಲಸ ಮಾಡಿದೆ ಎನ್ನಲು ನಾಚಿಕೆಯಾಗುತ್ತದೆ. ಕಾರಣ, ಕಾಂಪೌಂಡಿನ ಪಕ್ಕದ ನುಗ್ಗೆಮರ. ಮಳೆ ಬಿದ್ದರೆ ಸಾಕು, ಮರದ ತುಂಬ ಕಂಬಳಿಹುಳು. ಒಮ್ಮೆ ಒಣಹಾಕಿದ ಬನಿಯನ್ನಿನಲ್ಲಿ ಒಂದು ಕೂತಿದ್ದು ನೋಡದೆ ತೊಟ್ಟುಕೊಂಡು ಹೋಗಿ, ಆಫೀಸಿನಲ್ಲಿ ನಾನು ಕುಣಿದ ಕುಣಿತಕ್ಕೆ ಮ್ಯಾನೇಜರು ಕೇಳದೆಯೇ ರಜೆ ಕೊಟ್ಟಿದ್ದರು. ಆದರೆ ಮರ ನನ್ನ ಹೆಂಡತಿ ಸುಮಿತ್ರಾ ತವರಿನಿಂದ ಕೊಂಬೆ ತಂದು ನೆಟ್ಟದ್ದು. ಕಡಿಸೋಣ ಎನ್ನುವ ಧೈರ್ಯ ನನಗಿರಲಿಲ್ಲ.

ದಾರಿ ತೋರಿಸಿದವಳು ಮಹಡಿಯ ರೂಮಿನಲ್ಲಿ ಬಾಡಿಗೆಗಿರುವ, ಕಾನೂನು ಓದುವ ವಿಜಯಪುರದ ಹುಡುಗಿ ಶಿವಲೀಲಾ. “ಅಂಕಲ್, ಮನಿಯೊಳಗ ಹೇಳಾಕ ಆಗ್ಲಿಲ್ಲಂದ್ರ ಹೊರಗ ಸಹಿ ಮಾಡ್ರಿ. ಆಮ್ಯಾಲ ನನ್ನ ಕೈಯಾಗ ಏನೂ ಇಲ್ಲ ಅನ್ರಿ. ಸರ್ಕಾರಗೋಳು ಮಾಡೋದೂ ಇದನ್ನ,” ಎಂದಳು. ನಾನು ಪಕ್ಕದ ಮನೆಯ ರಂಗಪ್ಪನವರ ಬಳಿ ಹೋಗಿ, ಕೊಂಬೆ ನಿಮ್ಮ ಕಡೆಗೂ ಚಾಚಿದೆಯಲ್ಲ, ದಯವಿಟ್ಟು ತಕರಾರು ಮಾಡಿ ಎಂದು ಬೇಡಿಕೊಂಡೆ. ಅವರೂ ಮೈ ಕೆರೆದುಕೊಂಡು ಸಾಕಾದವರೇ. ಭಾನುವಾರ ಮರ ಕಡಿಸುವುದೆಂದು ಬಿಳಿ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು.

ಹಾಳೆ ನೋಡಿ ಸುಮಿತ್ರಾ ಕೂಗಾಡಲಿಲ್ಲ. “ಸಹಿ ಹಾಕ್ಬಿಟ್ರೆ ಆಯ್ತೇನ್ರೀ? ಮನೇಲಿ ಒಪ್ಪಿದ್ಮೇಲೆ ತಾನೇ ಜಾರಿಗೆ ಬರೋದು? ಶಿವಲೀಲಾನ ಕೇಳಿದೀನಿ,” ಎಂದಳು. ಎರಡೂ ಪಕ್ಷಕ್ಕೆ ಒಬ್ಬಳೇ ವಕೀಲೆ! ನಾನು ರಂಗಪ್ಪನವರ ಗೇಟಿಗೆ ಓಡಿದೆ. ಅವರು ಒಮ್ಮೆ ತಮ್ಮ ಮನೆ ಬಾಗಿಲ ಕಡೆ ನೋಡಿಕೊಂಡರು.

“ಸಾರ್, ನಮ್ಮನೇಲೂ ಪಾಸಾಗ್ಲಿಲ್ಲ,” ಎಂದು ಪಿಸುಗುಟ್ಟಿದರು. “ಹತ್ತು ವರ್ಷದಿಂದ ನನ್ ಹೆಂಡ್ತಿಗೂ ನಿಮ್ ಮನೆಯವ್ರಿಗೂ ಬೇರೆ ಒಪ್ಪಂದ ಇದ್ಯಂತೆ. ಕಾಂಪೌಂಡ್ ಮೇಲಿಂದ ನುಗ್ಗೆಸೊಪ್ಪು ನಮ್ ಕಡೆ, ಇಡ್ಲಿ ಹಿಟ್ಟು ನಿಮ್ ಕಡೆ.”

ನಾನು ಗೇಟು ಹಿಡಿದು ನಿಂತುಬಿಟ್ಟೆ. ‘ನಿನ್ನ ಕೈಗುಣ ಕಣೇ’ ಎಂದು ಇಷ್ಟು ವರ್ಷ ಹೆಂಡತಿಯನ್ನು ಹೊಗಳಿ ತಿಂದದ್ದು ಪಕ್ಕದ ಮನೆಯ ಇಡ್ಲಿ!

ಸಂಜೆ ಸುಮಿತ್ರಾ ಕಾಫಿ ಕೊಡುತ್ತಾ, “ಹುಳದ ವಿಷ್ಯಾನೂ ಬಗೆಹರಿಸಿದೀವಿ ರೀ. ಇನ್ಮೇಲೆ ದಿನಾ ಬೆಳಿಗ್ಗೆ ಎರಡೂ ಅಂಗಳ ನೀವೇ ಗುಡಿಸ್ತೀರಿ ಅಂತ ರಂಗಪ್ಪನವರ ಹೆಂಡ್ತಿಗೆ ಹೇಳ್ಬಿಟ್ಟಿದೀನಿ,” ಎಂದಳು.

“ನನ್ನನ್ನ ಒಂದು ಮಾತು ಕೇಳ್ಬೇಡ್ವೇನೇ?” ಎಂದು ನಾನು ಚೀರಿದೆ.

ಅವಳು ಕಿಟಕಿಯಾಚೆಯ ಮರವನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಎದ್ದು, ಪೊರಕೆ ಎಲ್ಲಿದೆ ಎಂದು ಕೇಳಿದೆ.