ಅಂದಾನಯ್ಯನವರ ಕುರ್ಚಿ ತೆರವು

ಮೂವತ್ತೊಂದು ವರ್ಷ ಊರವರನ್ನೆಲ್ಲ ಎಬ್ಬಿಸಿದ ಮನುಷ್ಯನಿಗೆ ತನ್ನ ಸ್ವಂತ ಕುರ್ಚಿಯಿಂದ ಒಂದು ಕೋಳಿಯನ್ನು ಎಬ್ಬಿಸಲಾಗಲಿಲ್ಲ ಎಂದರೆ ಸಿಟ್ಟು ಬರುತ್ತದೋ ಇಲ್ಲವೋ, ನೀವೇ ಹೇಳಿ. ಕ್ಯಾತನಹಳ್ಳಿಯ ಅಂದಾನಯ್ಯನವರಿಗಂತೂ ನೆತ್ತಿಗೇರಿತ್ತು.

ರಿಟೈರಾಗುವವರೆಗೆ ಪುರಸಭೆಯಲ್ಲಿ ಅವರ ಕೆಲಸವೇ ತೆರವು. ಚರಂಡಿ ಮೇಲಿನ ಬೀಡಾ ಅಂಗಡಿ, ರಸ್ತೆಗೆ ಬಂದ ಚಪ್ಪರ, ಯಾರದೋ ತಿಪ್ಪೆ, ಎಲ್ಲಕ್ಕೂ ನೋಟಿಸು ಅಂಟಿಸಿ ಬರುತ್ತಿದ್ದವರು ಅವರೇ. ‘ಎಬ್ಬಿಸು’ ಎಂಬ ಮಾತನ್ನು ಅವರು ಬಳಸುತ್ತಿರಲಿಲ್ಲ, ಅದು ಮಲಗಿದ ಮಕ್ಕಳಿಗೆ. ‘ಖಾಲಿ ಮಾಡಿಸು’ ಬಾಡಿಗೆ ಮನೆಯವರ ಮಾತು. ‘ಒಕ್ಕಲೆಬ್ಬಿಸು’ ಎಂದರೆ ಪೇಪರಿನವರು ಬಂದು ನಿಲ್ಲುತ್ತಾರೆ. ‘ತೆರವುಗೊಳಿಸು’ ಎಂದರೆ ಮಾತ್ರ ಯಾರಿಗೂ ನೋವಾಗದೆ ಕೆಲಸ ಮುಗಿಯುತ್ತದೆ ಎಂಬುದು ಅವರ ಅನುಭವ. (ನೋವಾದವರನ್ನು ಅವರು ಕೇಳಿರಲಿಲ್ಲ, ಆ ಮಾತು ಬೇರೆ.)

ಕುರ್ಚಿ ಸಾಮಾನ್ಯದ್ದಲ್ಲ. ಬೀಳ್ಕೊಡುಗೆಯಲ್ಲಿ ಕೊಟ್ಟ ಬೆತ್ತದ ಕುರ್ಚಿ. ಕೊಡುವಾಗ ಮೇಲಧಿಕಾರಿ ಹೊನ್ನಪ್ಪನವರು ಮೈಕಿನಲ್ಲಿ, “ಅಂದಾನಯ್ಯನವ್ರು ಊರ್ನೆಲ್ಲ ಎಬ್ಬಿಸಿದ್ರು, ಮನೇಲಿ ಇದ್ರ ಮ್ಯಾಲೆ ಕೂರಕ್ಕಾದ್ರೂ ಬುಡ್ತಾರ ಇವ್ರನ್ನ?” ಎಂದು ಎಲ್ಲರನ್ನೂ ನಗಿಸಿದ್ದರು. ಆ ನಗುವನ್ನು ಅಂದಾನಯ್ಯನವರು ಇನ್ನೂ ಮರೆತಿರಲಿಲ್ಲ. ಅದೇ ಹೊನ್ನಪ್ಪನವರು ಈ ಭಾನುವಾರ ಹತ್ತು ಗಂಟೆಗೆ ಮನೆಗೆ ಬರುವವರಿದ್ದರು. ಬಂದಾಗ ತಾವು ಆ ಕುರ್ಚಿಯ ಮೇಲೆ ರಾಜರ ಹಾಗೆ ಕೂತಿರಬೇಕು. ಕೋಳಿ ಕೂತಿದ್ದರೆ ಮಾನ ಉಳಿಯುತ್ತದೆಯೇ?

ಶುಕ್ರವಾರವೇ ಮಾತು ತೆಗೆದರು. “ಆ ಕೋಳಿ ನನ್ ಕುರ್ಚಿ ಬುಟ್ಟು ಏಳ್ಬೇಕು ಕಣಮ್ಮಿ. ಇವತ್ತೇ.”

“ಕಾವ್ಗೆ ಕುಂತಿರೋದ ಎಬ್ಬುಸ್ಬಾರ್ದು,” ಎಂದರು ಹೆಂಡತಿ ಸಿದ್ದಲಿಂಗಮ್ಮ. “ಇನ್ನ ಮೂರೇ ದಿನ. ನೆಲದ ಮ್ಯಾಲೆ ಮುಂಗ್ಸಿ ಕಾಟ ಅಂತ ನಾನೇ ಮೊಟ್ಟೆ ಮಂಕ್ರಿ ತಂದು ಅಲ್ಲಿ ಮಡ್ಗಿದ್ದು.”

“ನನ್ ಕುರ್ಚಿನೇ ಆಗ್ಬೇಕಿತ್ತಾ?”

“ಈ ಮನೇಲಿ ಕೆಲ್ಸಿಲ್ದೆ ಬಿದ್ದಿರೋದು ಇನ್ನೇನದೆ?”

ಕುರ್ಚಿಯ ಬಗ್ಗೆ ಹೇಳಿದ್ದೋ ತಮ್ಮ ಬಗ್ಗೆಯೋ ಎಂದು ಕೇಳುವ ಧೈರ್ಯ ಅಂದಾನಯ್ಯನವರಿಗೆ ಬರಲಿಲ್ಲ.

ಹೋದ ವರ್ಷ ರೋಗ ಬಂದು ಗೂಡೆಲ್ಲ ಬರಿದಾಗಿ ಇದೊಂದೇ ಹ್ಯಾಟೆ ಕೋಳಿ ಉಳಿದಿತ್ತು. ಸಿದ್ದಲಿಂಗಮ್ಮ ಬಿಂಡಿಗನವಿಲೆಯ ಅಕ್ಕ ಚಲುವಮ್ಮನಿಂದ ಹನ್ನೊಂದು ಮೊಟ್ಟೆ ಬೇಡಿ, ಎರಡು ಬಸ್ಸು ಬದಲಾಯಿಸಿ, ಮಡಿಲಲ್ಲಿಟ್ಟುಕೊಂಡು ತಂದಿದ್ದರು. “ಇದ್ರಲ್ಲಿ ಒಂದು ಕೆಟ್ರೂ ನಾನು ಬೂಕನಕೆರೆಗೆ, ಮಗಳ ಮನೆಗೆ ಹೊಂಟೆ. ಮುದ್ದೆ ನೀವೇ ತಿರುವ್ಕಳಿ,” ಎಂದು ಹೇಳಿಯೂ ಇದ್ದರು.

ಭಾನುವಾರ ಬೆಳಿಗ್ಗೆ ಆಕೆ ಡೈರಿಗೆ ಹಾಲು ಹಾಕಲು ಹೋದದ್ದೇ ತಡ, ಅಂದಾನಯ್ಯನವರು ಕಾರ್ಯಾಚರಣೆಗಿಳಿದರು. “ಸ್ವಇಚ್ಛೆಯಿಂದ ತೆರವುಗೊಳಿಸತಕ್ಕದ್ದು,” ಎಂದರು. ಕೋಳಿ ಪುಕ್ಕ ಕೆದರಿ ಮುಂಗೈಗೆ ಕುಕ್ಕಿತು. ಎತ್ತಿ ಅಂಗಳಕ್ಕೆ ಬಿಟ್ಟರು, ಅವರಿಗಿಂತ ಮೊದಲೇ ಬಂದು ಕೂತಿತು. ಮತ್ತೆ ಬಿಟ್ಟರು, ಮತ್ತೆ ಬಂತು. ಎಂಥೆಂಥ ಅಂಗಡಿಯವರು ಕೈಮುಗಿದು ಜಾಗ ಬಿಟ್ಟಿದ್ದಾರೆ, ಇದೊಂದು ಯಃಕಶ್ಚಿತ್ ಕೋಳಿ. ರೇಗಿಹೋಯಿತು. ಕಾವು ಬಿಡಿಸಲು ತಮ್ಮವ್ವ ಮಾಡುತ್ತಿದ್ದದ್ದು ನೆನಪಾಗಿ, ಅದನ್ನು ಹಿಡಿದು ತೊಟ್ಟಿಯ ತಣ್ಣೀರಿನಲ್ಲಿ ಮೂರು ಸಲ ಅದ್ದಿದರು. ಕೋಳಿ ಮೈ ಕೊಡವಿ ನೆಟ್ಟಗೆ ತಿಪ್ಪೆಗೆ ಹೋಗಿ ಕೆದಕತೊಡಗಿತು. ಕುರ್ಚಿಯ ಕಡೆ ತಿರುಗಿಯೂ ನೋಡಲಿಲ್ಲ.

ಅಂದಾನಯ್ಯನವರು ಮಂಕರಿಯನ್ನು ಕೆಳಗಿಳಿಸಿ, ಗೆದ್ದವರ ಹಾಗೆ ಕೂತರು. ಆಮೇಲೆ ಮೊಟ್ಟೆಗಳು ಕಣ್ಣಿಗೆ ಬಿದ್ದವು. ತೆರವಾದ ಮೇಲೆ ಉಳಿದ ಸಾಮಾನು ಏನಾಯಿತೆಂದು ಅವರು ಒಂದು ದಿನವೂ ನೋಡಿದವರಲ್ಲ, ಅದನ್ನು ಟ್ರಾಕ್ಟರು ಒಯ್ಯುತ್ತಿತ್ತು.

ಅಷ್ಟರಲ್ಲಿ ಸಿದ್ದಲಿಂಗಮ್ಮ ಬಂದರು. ಒದ್ದೆ ಕೋಳಿ ನೋಡಿದರು, ಕುರ್ಚಿ ನೋಡಿದರು, ಹಾಲಿನ ಕ್ಯಾನು ಕುಕ್ಕಿದರು.

“ನಿಮ್ ಕೈಗೆ ಹಾವು ಕಚ್ಚ. ಬಸ್ರಿ ಎಬ್ಬುಸ್ದಂಗೆ ಎಬ್ಬುಸ್ಬುಟ್ರಲ್ಲ.”

“ಮತ್ತೆ ಕೂರ್ಸಾನ ಬುಡು.”

“ಕಾವು ಬುಟ್ಟ ಕೋಳಿ ನಿಮ್ ನೋಟಿಸ್ಗೆ ಕೂತ್ಕತದಾ?” ಮೊಟ್ಟೆ ಮುಟ್ಟಿ ನೋಡಿದರು. “ಇನ್ನೂ ಬೆಚ್ಚಗವೆ.”

ಬಲ್ಬು ಉರಿಸಿ ಕಾವು ಕೊಡೋಣವೆಂದರೆ ಕರೆಂಟು ಹೋಗಿತ್ತು, ಬರುವುದು ಸಂಜೆಗೆ. ಸಿದ್ದಲಿಂಗಮ್ಮ ಒಂದು ಗಳಿಗೆ ಗಂಡನನ್ನೇ ದಿಟ್ಟಿಸಿದರು. ಆಮೇಲೆ ಮಂಕರಿ ಎತ್ತಿ ಅವರ ತೊಡೆಯ ಮೇಲಿಟ್ಟು, ಮೇಲೆ ಕುತ್ತಿಗೆವರೆಗೆ ಕಂಬಳಿ ಹೊದಿಸಿದರು. ಏಪ್ರಿಲ್ ತಿಂಗಳು.

“ಕುರ್ಚಿ ಬೇಕು ಅಂದ್ರಲ್ಲ, ಕೂತ್ಕಳಿ. ಅಲ್ಲಾಡಿದ್ರೆ ಬೂಕನಕೆರೆ ಬಸ್ಸು ಹನ್ನೊಂದಕ್ಕದೆ.”

ಹತ್ತಕ್ಕೆ ಹೊನ್ನಪ್ಪನವರು ಬಂದರು. ಹಳೆಯ ಸಾಹೇಬರು ಎದುರು ನಿಂತರೂ ಅಂದಾನಯ್ಯನವರು ಏಳಲಿಲ್ಲ. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

“ಯಾಕ್ರೀ, ಜ್ವರವಾ?”

“ಏನಿಲ್ಲ ಸಾ. ಅಲ್ಲೇ ಕೂತ್ಕಳಿ, ದೂರ.”

“ಕಂಬ್ಳಿ ಹೊದ್ಕಂಡು ಏನಿಲ್ಲ ಅಂತೀರಲ್ಲ. ಏಳಿ, ಡಾಕ್ಟ್ರತ್ರ ಹೋಗಾನ,” ಎಂದು ಹೊನ್ನಪ್ಪನವರು ಎಬ್ಬಿಸಲು ಕಂಬಳಿಯೊಳಗೆ ಕೈ ಹಾಕಿದರು.

ಒಳಗಿಂದ ಒಂದು ಮೊಟ್ಟೆ ‘ಚೀಂ’ ಎಂದಿತು. ಅಂದಾನಯ್ಯನವರಿಗೆ ಎಲ್ಲಿತ್ತೋ ಸಿಟ್ಟು, ಸಾಹೇಬರ ಮುಂಗೈಗೆ ಪಟಾರನೆ ಹೊಡೆದರು.

ಕಾಫಿ ಲೋಟ ಹಿಡಿದು ಬರುತ್ತಿದ್ದ ಸಿದ್ದಲಿಂಗಮ್ಮ ಬಾಗಿಲಲ್ಲೇ ನಿಂತರು.

“ಮುಟ್ಬ್ಯಾಡಿ ಸಾ. ಕಾವ್ಗೆ ಕುಂತವ್ರೆ.”