ಹಟ್ಟಿ ಗೇಟಿನ ಬಸ್ಸಿನ ಲೆಕ್ಕ

"ಸಂಜೆ ಬಸ್ಸು ನಿಲ್ಲಲಿಲ್ಲ. ಕೆಂಪು ಒತ್ತು."

ನನ್ನ ಹೆಂಡತಿ ಆಡಿದ ಕಡೇ ಮಾತು ಇದು. ಮಂಚದ ಮೇಲೆ ಮಲಗಿದ್ದಳು. ರೋಡಿನ ಸದ್ದು ಒಳಗೆ ಕೇಳುತ್ತದೆ. ನಾನು ಫೋನು ತಗೊಂಡು ಕೆಂಪು ಗುಂಡಿ ಒತ್ತಿದೆ. ತಿರುಗಿ ನೋಡಿದೆ. ಹೋಗಿಬಿಟ್ಟಿದ್ದಳು.

ಬೇರೆಯವರ ಹೆಂಡಂದಿರು ಮಕ್ಕಳನ್ನ ನೋಡ್ಕೋ ಅಂತಾರಂತೆ, ದೇವರನ್ನ ನೆನೀತಾರಂತೆ. ನನ್ನವಳು ಬಸ್ಸಿನ ಲೆಕ್ಕ ಒಪ್ಪಿಸಿ ಹೋದಳು. ಆ ಲೆಕ್ಕ ನಮ್ಮ ಹಟ್ಟಿಗೆ ಬಂದ ದಿನದಿಂದ ಒಂದಲ್ಲ ಒಂದು ತಮಾಷೆ ಆಗ್ತಾನೇ ಐತೆ. ನಾನು ಓದಿದ್ದು ಮೂರನೇ ಕ್ಲಾಸು. ನಿಧಾನಕ್ಕೆ ಬರೀತೀನಿ.

೧. ಉಗುರಿನಷ್ಟು

ನಮ್ಮ ಹಟ್ಟಿ ಇರೋದು ಪರಶುರಾಂಪುರದ ಕಡೆ, ರೋಡಿನ ಪಕ್ಕ. ಚಳ್ಳಕೆರೆಗೆ ಹೋಗೋ ಬಸ್ಸು ನಮ್ಮ ಗೇಟಿನಲ್ಲಿ ನಿಲ್ಲಬೇಕು ಅಂತ ಬೋರ್ಡು ಐತೆ. ಬೋರ್ಡು ನಿಂತೈತೆ, ಬಸ್ಸು ನಿಲ್ಲಲ್ಲ. ಹೆಂಡತಿಗೆ ವಾರಕ್ಕೆರಡು ಸಲ ಆಸ್ಪತ್ರೆ. ಮುಂದಿನ ಊರಿನ ತನಕ ನಡೆದು ಬಸ್ಸು ಹಿಡಿಯೋಳು. ಬಸ್ಸಿನವರ ಆಫೀಸಿನಲ್ಲಿ ಹೇಳಿದರೆ, "ದಿನಾ ನಿಲ್ತೈತೆ. ನಿಲ್ಲಲ್ಲ ಅನ್ನೋಕೆ ಏನು ಆಧಾರ?" ಅಂದರು.

ಆಗ ಮೊಳಕಾಲ್ಮೂರಿನಿಂದ ಒಬ್ಬರು ಮೇಡಂ ಬಂದರು. ಸೀರೆ ನೇಯೋ ಮನೆಯವರು. ಹಳ್ಳಿಯವರ ಕಷ್ಟದ ಲೆಕ್ಕ ಹಳ್ಳಿಯವರೇ ಇಟ್ಟು ಆಫೀಸಿಗೆ ತೋರಿಸೋದು ಹೆಂಗೆ ಅಂತ ಕಲಿಸೋರು. ಬೆರಳಿನ ಉಗುರಿನಷ್ಟು ಕಾರ್ಡು ತೋರಿಸಿದರು.

"ಇದ್ರೊಳಗೆ ಸಾಫ್ಟ್‌ವೇರ್ ಐತೆ. ಎಂಥಾ ಹಳೇ ಫೋನಿಗಾದ್ರೂ ಹಾಕ್ಬಹುದು. ನೆಟ್‌ವರ್ಕ್ ಬೇಡ. ಓದು ಬರಹ ಬೇಡ. ಕಣ್ಣು ಕಾಣದೋರಿಗೂ ಆಗ್ತೈತೆ."

ಹಟ್ಟಿಯ ಯಜಮಾನ ಅದನ್ನ ಅಂಗೈ ಮೇಲೆ ಇಟ್ಟುಕೊಂಡು ನೋಡಿದ. "ನೆಟ್‌ವರ್ಕ್ ಬೇಡ, ಓದು ಬೇಡ, ಕಣ್ಣೂ ಬೇಡ. ನಮ್ಮ ಹಟ್ಟಿಯೋರ ಅಳತೆ ತಗೊಂಡೇ ಹೊಲಿಸ್ದಂಗೈತೆ ಕಣಮ್ಮ" ಅಂದ.

೨. ಹುಂಜ

ಫೋನಿನಲ್ಲಿ ಬೆಳಿಗ್ಗೆ ಬಸ್ಸಿಗೆ ಒಂದು ಚಿತ್ರ, ಸಂಜೆ ಬಸ್ಸಿಗೆ ಒಂದು ಚಿತ್ರ. ಚಿತ್ರ ಮುಟ್ಟಬೇಕು. ಬಸ್ಸು ನಿಂತರೆ ಹಸಿರು ಒತ್ತಬೇಕು, ನಿಲ್ಲದಿದ್ದರೆ ಕೆಂಪು. ಅಷ್ಟೇ. ಹೆಂಡತಿ ಒಂದೇ ದಿನಕ್ಕೆ ಕಲಿತಳು.

ಬೆಳಿಗ್ಗೆಗೆ ಹುಂಜದ ಚಿತ್ರ ಇತ್ತು. ನಮ್ಮ ಹಟ್ಟಿಯೊಳಗೆ ಕೋಳಿ ಬರಂಗಿಲ್ಲ. ಸಾಕಂಗಿಲ್ಲ, ತಿನ್ನಂಗಿಲ್ಲ. ಹಿರೀಕರು ಹಾಕಿದ ಕಟ್ಟು. ಯಜಮಾನ ಫೋನು ನೋಡಿದವನೇ ಎರಡು ಹೆಜ್ಜೆ ಹಿಂದೆ ಸರಿದ.

"ಇದನ್ನ ಬೇಲಿ ಆಚೆ ಇಡಿ."

"ಬರೀ ಚಿತ್ರ ಕಣಣ್ಣ, ಕೂಗಲ್ಲ" ಅಂತ ನನ್ನ ಹೆಂಡತಿ ಮುಟ್ಟಿ ತೋರಿಸಿದಳು.

ಕೂಗಿತು.

ಎಂಟು ದಿನ ಫೋನು ಬೇಲಿ ಆಚೆ ಜಾಲಿ ಗಿಡದಲ್ಲಿ, ಚೀಲದೊಳಗೆ ನೇತಾಡಿತು. ಇವಳು ದಿನಕ್ಕೆರಡು ಸಲ ಆಚೆ ಹೋಗಿ ಒತ್ತಿ ಬರೋಳು. ಒಂದು ದಿನವೂ ಬಿಡಲಿಲ್ಲ. ಮತ್ತೆ ಮೇಡಂ ಬಂದಾಗ ಹುಂಜ ತೆಗೆದು, ಯಜಮಾನನ ಟಗರಿನ ಫೋಟೋ ಹಾಕಿದರು. ಫೋಟೋಕ್ಕೆ ಅಂತ ಅವನು ಟಗರಿನ ಮೈ ತಿಕ್ಕಿ ತಿಕ್ಕಿ ತೊಳೆದ. "ನಮ್ಮ ಮದುವೆ ದಿನಾನೂ ಈವಯ್ಯ ಇಷ್ಟು ತೊಳ್ಕೊಂಡಿರಲಿಲ್ಲ" ಅಂದಳು ಅವನ ಹೆಂಡತಿ.

೩. ಸಿಟ್ಟು

ಇವಳು ಹೋದ ಮೇಲೆ ಒತ್ತೋ ಕೆಲಸ ನನ್ನದು. ಅವಳೇ ಇಲ್ಲ, ಇನ್ಯಾಕೆ ಅನ್ನಿಸ್ತು. ಆದರೆ ಪಕ್ಕದ ಮನೆ ಸೊಸೆ ಬಸುರಿ. ತಪಾಸಣೆಗೆ ಹೋಗಬೇಕು. ಅವಳೂ ಅಷ್ಟು ದೂರ ನಡೆಯೋದು ಬೇಡ. ಒತ್ತೋದು ಬಿಡಲಿಲ್ಲ.

ಒಂದು ಬೆಳಿಗ್ಗೆ ಆ ಸೊಸೆ ಕೈ ಅಡ್ಡ ಹಾಕಿದರೂ ಬಸ್ಸು ಅವಳಿಗೆ ಧೂಳು ಕುಡಿಸಿ ಹೋಯಿತು. ನನಗೆ ತಡೆಯಲಿಲ್ಲ. ಕೆಂಪು ನಾಕು ಸಲ ಒತ್ತಿದೆ.

ನಮ್ಮ ದೊಡ್ಡಪ್ಪನಿಗೆ ಕಣ್ಣು ಕಾಣಲ್ಲ. ದೇವರ ಮುಂದೆ ಉರುಮೆ ಬಾರಿಸೋನು. ಆ ಸಾಫ್ಟ್‌ವೇರು ಲೆಕ್ಕವನ್ನ ಸದ್ದಿನಲ್ಲೂ ಹೇಳುತ್ತೆ. ಮೇಡಂ ದೊಡ್ಡಪ್ಪನ ಉರುಮೆ ಸದ್ದನ್ನೇ ಅದಕ್ಕೆ ತುಂಬಿದ್ದರು. ಒಂದು ಕೆಂಪಿಗೆ ಒಂದು ಪೆಟ್ಟು. ಒಂದು ಹಸಿರಿಗೆ ಗೆಜ್ಜೆ. ದಿನಾ ಅವನಿಗೆ ಕೇಳಿಸಬೇಕು. ಅವತ್ತೂ ಕೇಳಿಸಿದೆ.

"ತಡೀಲೇ. ಬೆಳಿಗ್ಗೆ ಇರೋದೇ ಒಂದು ಬಸ್ಸು. ನಾಕು ಪೆಟ್ಟು ಎಲ್ಲಿಂದ ಬಂದ್ವು?"

"ಸಿಟ್ಟು ಬಂತು ದೊಡ್ಡಪ್ಪ."

"ಬಸ್ಸು ಬಂದಿದ್ದು ಬರಿ ಅಂದ್ರೆ ಸಿಟ್ಟು ಬಂದಿದ್ದು ಬರೀತೀಯಾ? ಮೂರು ಅಳಿಸು. ಒಂದು ಸುಳ್ಳು ಸಿಕ್ಕಿದ್ರೆ ಸಾಕು, ಆಫೀಸಿನೋರು ನಿಜಾನೂ ಎತ್ತಿ ಬಿಸಾಕ್ತಾರೆ."

ಅಳಿಸಿದೆ. ಅವತ್ತಿಂದ ಸಿಟ್ಟು ಬಂದರೆ ಕೊಡಲಿ ತಗೊಂಡು ಸೌದೆ ಸೀಳ್ತಿದ್ದೆ. ಹಟ್ಟಿಯ ಅರ್ಧಕ್ಕರ್ಧ ಒಲೆಗಳು ಆ ಡ್ರೈವರ್ ದಯೆಯಿಂದ ಉರೀತಿದ್ದವು.

೪. ಆಫೀಸಿನಲ್ಲಿ ಉರುಮೆ

ಲೆಕ್ಕ ಸಾಕಷ್ಟಾಯಿತು. ನಾನು, ಮೇಡಂ, ದೊಡ್ಡಪ್ಪ ಬಸ್ಸಿನವರ ಆಫೀಸಿಗೆ ಹೋದೆವು. ಸಾಹೇಬರು ಫೋನು ಇಸ್ಕೊಂಡರು. ಸಾಲಾಗಿ ಟಗರು, ಟಗರಿನ ಮುಂದೆ ಕೆಂಪು ಚುಕ್ಕೆ. ಬಹಳ ಹೊತ್ತು ನೋಡಿದರು.

"ಇಷ್ಟೊಂದು ಟಗರು ಬಸ್ಸಿಗೆ ಹತ್ತಿಸೋಕಾಗಲ್ಲಪ್ಪ. ಒಂದು ಲಾರಿ ಮಾಡ್ಕೊಳ್ಳಿ" ಅಂದರು.

"ಅದು ಟಗರಲ್ಲ ಸಾ, ಬೆಳಿಗ್ಗೆ" ಅಂದೆ.

ಸಾಹೇಬರು ಮೇಡಂ ಮುಖ ನೋಡಿದರು. ಮೇಡಂ ಒಂದು ಪುಟ್ಟ ಸ್ಪೀಕರ್ ಮೇಜಿನ ಮೇಲಿಟ್ಟು ಸದ್ದು ಹಾಕಿದರು.

ಧಡ್. ಧಡ್. ಧಡ್. ಒಂದು ಗೆಜ್ಜೆ. ಮತ್ತೆ ಧಡ್. ಧಡ್.

ನಾನು ಎಣಿಸ್ತಾ ಕೂತಿದ್ದೆ. ಹೆಂಡತಿ ಹೇಳಿ ಒತ್ತಿಸಿದ ಕಡೇ ಪೆಟ್ಟು ಎಷ್ಟನೆಯದು ಅಂತ ನನಗೆ ಗೊತ್ತು. ಅದು ಬಂದಾಗ ಕಿಟಕಿ ಕಡೆ ನೋಡಿದೆ.

ಬಾಗಿಲಲ್ಲಿ ಜನ ಸೇರಿದರು. ಕಂಡಕ್ಟರೊಬ್ಬ ಚಪ್ಪಲಿ ಹೊರಗೆ ಬಿಟ್ಟು, ಕೈ ಮುಗಿದುಕೊಂಡೇ ಒಳಗೆ ಬಂದ. "ಯಾವ ದೇವ್ರು ಬಂತಣ್ಣ?"

"ದೇವ್ರಲ್ಲಪ್ಪ. ನಿಮ್ಮ ಬಸ್ಸು" ಅಂದ ದೊಡ್ಡಪ್ಪ.

ಪೆಟ್ಟು ಮುಗೀತಾನೇ ಇಲ್ಲ. ಸಾಹೇಬರು ಬೆವರು ಒರೆಸಿಕೊಂಡರು. "ಸಾಕು, ನಿಲ್ಸಿ" ಅಂದರು.

"ನಾವೂ ಅದನ್ನೇ ಕೇಳೋಕೆ ಬಂದಿರೋದು ಸಾಮಿ" ಅಂದ ದೊಡ್ಡಪ್ಪ.

ಸಾಹೇಬರೇ ನಕ್ಕುಬಿಟ್ಟರು. ಆಮೇಲೆ ಪೆನ್ನು ತೆಗೆದರು. ನಾಳೆಯಿಂದ ಎಲ್ಲಾ ಬಸ್ಸೂ ಆ ಗೇಟಿನಲ್ಲಿ ನಿಲ್ಲಬೇಕು ಅಂತ ನಮ್ಮೆದುರೇ ಬರೆದು ಸಹಿ ಹಾಕಿದರು.

೫. ಮರುದಿನ ಬೆಳಿಗ್ಗೆ

ಬೆಳಿಗ್ಗೆ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು ಗೇಟಿಗೆ ಹೋದೆ. ಪಕ್ಕದ ಮನೆ ಸೊಸೆ ಆಸ್ಪತ್ರೆ ಚೀಟಿ ಹಿಡಿದು ನಿಂತಿದ್ದಳು. ಬಸ್ಸು ಬಂತು. ಕೈ ಅಡ್ಡ ಹಾಕಿದೆ. ನಿಂತಿತು.

ನನಗೆ ನಂಬಿಕೆ ಬರಲಿಲ್ಲ. ಪಂಚರ್ ಆಗಿರಬೇಕು ಅಂತ ಸುತ್ತ ಹೋಗಿ ಗಾಲಿ ನೋಡಿದೆ. ಎಲ್ಲಾ ನೆಟ್ಟಗಿದ್ದವು. ಅಷ್ಟೊತ್ತಿಗೆ ಸೊಸೆ ಹತ್ತಿ ಕಿಟಕಿ ಪಕ್ಕ ಕೂತಾಗಿತ್ತು.

"ಮಾವ, ಇಷ್ಟು ದಿನ ಬಸ್ಸು ನಿಲ್ಲದೆ ಲೇಟಾಗ್ತಿತ್ತು. ಇವತ್ತು ನಿಂತೂ ನಿನ್ನಿಂದ ಲೇಟು!"

ಡ್ರೈವರ್ ತಲೆ ಹೊರಗೆ ಹಾಕಿದ. "ಏನಯ್ಯಾ, ಹತ್ತು."

"ನಾನೆಲ್ಲೂ ಹೋಗಲ್ಲ. ನಿಲ್ತೀರೋ ಇಲ್ವೋ ನೋಡೋಕೆ ಬಂದೆ."

ಕಂಡಕ್ಟರ್ ಇಳಿದೇ ಬಂದ. "ಕೈ ಹಾಕಿ ಹತ್ತದೋರ ಲೆಕ್ಕ ನಾವೂ ಇಟ್ಟು ಸಾಹೇಬರಿಗೆ ಕೊಡ್ತೀವಿ. ನಮಗೂ ಒಂದು ಕಾರ್ಡು ಕೊಡಿಸು."

ನ್ಯಾಯದ ಮಾತು. ಹತ್ತಿದೆ.

"ಎಲ್ಲಿಗೆ?"

"ಮುಂದಿನ ಸ್ಟಾಪಿಗೆ."

ಅಲ್ಲಿ ಇಳಿದೆ. ನನ್ನ ಹೆಂಡತಿ ನಡೀತಿದ್ದ ದಾರೀಲೇ ನಡಕೊಂಡು ಹಟ್ಟಿಗೆ ಬಂದೆ.